ಕಪ್ಪು ಮೆಹಂದಿ ಅಂದರೆ ಕೈ ಚಾಚಬೇಡಿ

ಗೋರಂಟಿ ಸೊಪ್ಪು ಕಪ್ಪು ಬಣ್ಣ ಕೊಡುವುದಿಲ್ಲ. ಇದೊಂದು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದನ್ನು ಪುರುಸೊತ್ತಾದಾಗ ಓದಿ.

ಜಾತ್ರೆ, ಬೀಚು, ಕಾಲೇಜ್ ಫೆಸ್ಟು, ಎಲ್ಲಿ ಹೋದರೂ ಈಗ 'ಬ್ಲ್ಯಾಕ್ ಮೆಹಂದಿ ಟ್ಯಾಟೂ' ಹಾಕುವವರು ಸಿಗುತ್ತಾರೆ. ಸೂಜಿ ಇಲ್ಲ, ನೋವಿಲ್ಲ, ಎರಡು ವಾರದಲ್ಲಿ ತಾನಾಗೇ ಹೋಗುತ್ತೆ ಅಂತ ಬೋರ್ಡು ಬೇರೆ. ನಮ್ಮ ಅಕ್ಕನ ಮಗಳ ಕೈ ಮೇಲಿನದು ತಿಂಗಳುಗಳಾದರೂ ಪೂರ್ತಿ ಹೋಗಿಲ್ಲ.

ಗೆಳತಿಯರ ಜೊತೆ ಗೋಕರ್ಣಕ್ಕೆ ಹೋಗಿದ್ದಳು. ಬೀಚಿಗೆ ಇಳಿಯುವ ದಾರಿಯಲ್ಲಿ ಒಬ್ಬ ಸ್ಟೂಲ್ ಹಾಕಿಕೊಂಡು ಕೂತಿದ್ದ, ಪಕ್ಕದಲ್ಲಿ ಡಿಸೈನ್ ಆಲ್ಬಮ್ಮು, ಸ್ಟೀಲ್ ಬಟ್ಟಲಲ್ಲಿ ಟಾರಿನ ಹಾಗೆ ಕರ್ರಗಿರುವ ಏನೋ ಒಂದು. ಇವಳು ಹುಷಾರಿನವಳೇ, "ಅಣ್ಣಾ, ಇದರಲ್ಲಿ ಏನು ಹಾಕಿದ್ದೀರಾ?" ಅಂತ ಕೇಳಿದ್ದಾಳೆ. "ಪ್ಯೂರ್ ಮೆಹಂದಿ ಮೇಡಂ, ರಾಜಸ್ಥಾನದಿಂದ ತರಿಸಿದ್ದು" ಅಂದನಂತೆ. ಮುಂಗೈ ಮೇಲೆ ಚೇಳಿನ ಚಿತ್ರ ಬಿಡಿಸಿದ. ಅರ್ಧ ಗಂಟೆಯಲ್ಲಿ ಒಣಗಿ, ತೊಳೆದರೆ ಅಚ್ಚ ಕಪ್ಪು. ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ.

ವಾರ ಕಳೆಯಿತು, ಏನೂ ಆಗಲಿಲ್ಲ. ಆಮೇಲೆ ತುರಿಕೆ ಶುರುವಾಯಿತು. ಸೊಳ್ಳೆ ಇರಬೇಕು ಅಂದುಕೊಂಡರು. ಮಾರನೇ ಬೆಳಿಗ್ಗೆ ನೋಡಿದರೆ ಚೇಳು ಚರ್ಮದಿಂದ ಎದ್ದು ನಿಂತಿತ್ತು. ಗೆರೆ ಎಲ್ಲೆಲ್ಲಿ ಎಳೆದಿದ್ದನೋ ಅಲ್ಲಷ್ಟೇ ಕೆಂಪಗೆ ಊದಿಕೊಂಡು, ಬಾಲದ ಸುರುಳಿಯ ಉದ್ದಕ್ಕೂ ಸಣ್ಣ ಸಣ್ಣ ನೀರುಗುಳ್ಳೆ, ಕೊಂಡಿಯ ತುದಿಯಲ್ಲಿ ಒಂದು ದೊಡ್ಡದು ಒಡೆದು ಹಳದಿ ನೀರು ಸೋರಿ ದುಪಟ್ಟಾಗೆ ಅಂಟಿಕೊಂಡಿತ್ತು. ಗೆರೆಗಳ ನಡುವಿನ ಚರ್ಮಕ್ಕೆ ಏನೇನೂ ಆಗಿರಲಿಲ್ಲ.

ಚರ್ಮದ ಡಾಕ್ಟರು ದೂರದಿಂದ ನೋಡಿಯೇ "ಕಪ್ಪು ಮೆಹಂದಿ ಹಾಕಿಸಿಕೊಂಡ್ರಾ?" ಅಂದರು. ಅವರಿಗೆ ಇದು ಹೊಸದಲ್ಲ. ಅದರಲ್ಲಿ ಇರುವುದು ಪಿಪಿಡಿ, ಅಂದರೆ ಪ್ಯಾರಾ ಫಿನೈಲೀನ್ ಡೈಅಮೀನ್. ತಲೆಗೂದಲಿಗೆ ಹಚ್ಚುವ ಕಪ್ಪು ಡೈಯಲ್ಲಿ ಇರುವಂಥದ್ದೇ. ಡೈಯನ್ನು ಅಳತೆ ನೋಡಿ ಕಲಸಿ, ಕೂದಲಿಗೆ ಹಚ್ಚಿ, ಸ್ವಲ್ಪ ಹೊತ್ತಿಗೆ ತೊಳೆದುಬಿಡುತ್ತೇವೆ. ಯುರೋಪಿನಲ್ಲಿ ಡೈಯಲ್ಲೂ ಅದು 2%ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಈ ಬಟ್ಟಲಿನವನ ಹತ್ತಿರ ಅಳತೆಯೂ ಇಲ್ಲ ಗಿಳತೆಯೂ ಇಲ್ಲ, ಮೇಲಾಗಿ ಅದು ನೇರ ಚರ್ಮದ ಮೇಲೆ ಒಣಗುವವರೆಗೂ ಕೂತಿರುತ್ತೆ. ಅಮೆರಿಕದ ಆಹಾರ, ಔಷಧಿ ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ ಅಂತೂ ಅಸಲಿ ಮೆಹಂದಿಗೂ ಕೂದಲಿಗೆ ಮಾತ್ರ ಒಪ್ಪಿಗೆ ಕೊಟ್ಟಿರುವುದು, ಚರ್ಮಕ್ಕಲ್ಲ. ನಮ್ಮಲ್ಲಿ ಸಿಗುವ ಡೈ ಪೊಟ್ಟಣ ತಿರುಗಿಸಿ ಓದಿ, ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ ಅಂತ ಎಚ್ಚರಿಕೆ ಇರುತ್ತೆ. ಯಾರು ಓದುತ್ತಾರೆ ಅಲ್ವಾ?

ಗುಳ್ಳೆ ಮುಲಾಮಿಗೆ ಒಣಗಿತು. ತೊಂದರೆ ಅಷ್ಟಕ್ಕೇ ಮುಗಿಯಲ್ಲ. ಮೈ ಒಂದು ಸಲ ಪಿಪಿಡಿಗೆ ತಿರುಗಿಬಿದ್ದರೆ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತೆ. ಮೊದಲ ಸಲ ವಾರ, ಎರಡು ವಾರ ತಡೆದು ಬರಬಹುದು, ಮುಂದಿನ ಸಲ ಒಂದೆರಡು ದಿನದಲ್ಲೇ. ಹತ್ತೊಂಬತ್ತರ ಹುಡುಗಿ ನಾಳೆ ಕೂದಲು ನೆರೆತಾಗ ಮಾಮೂಲಿ ಕಪ್ಪು ಡೈ ಹಚ್ಚುವ ಹಾಗಿಲ್ಲ, ಹಚ್ಚಿದರೆ ಮುಖ, ಕಣ್ಣು ಎಲ್ಲ ಊದಿಕೊಳ್ಳಬಹುದು. ಕೆಲವರಿಗೆ ಬಟ್ಟೆಯ ಗಾಢ ಬಣ್ಣ, ಮರಗಟ್ಟಿಸುವ ಕೆಲವು ಔಷಧಿ ಕೂಡ ಆಗಿಬರಲ್ಲವಂತೆ. ಒಂದು ಚೇಳಿಗೋಸ್ಕರ!

ಅಸಲಿ ಯಾವುದು ಅಂತ ಗೊತ್ತುಮಾಡಿಕೊಳ್ಳುವುದು ಕಷ್ಟವೇನಲ್ಲ. ಗೋರಂಟಿ ಕಲಸಿದ್ದು ಹಸಿರು ಮಿಶ್ರಿತ ಕಂದು ಇರುತ್ತೆ, ಸೊಪ್ಪಿನ ವಾಸನೆ ಇರುತ್ತೆ, ನೀಲಗಿರಿ ಎಣ್ಣೆ ಹಾಕಿದ್ದರೆ ಅದರ ಘಾಟು. ಗಂಟೆಗಟ್ಟಲೆ ಇಟ್ಟುಕೊಳ್ಳಬೇಕು. ಉದುರಿಸಿದಾಗ ಕಿತ್ತಳೆ, ಒಂದೆರಡು ದಿನದಲ್ಲಿ ಕೆಂಪು ಕಂದು. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತೆ ಅಂದರೆ ಎದ್ದು ಬನ್ನಿ. 'ಐದೇ ನಿಮಿಷದಲ್ಲಿ ಬಣ್ಣ' ಅನ್ನುವ ಕೋನುಗಳನ್ನೂ ನಾನು ನಂಬಲ್ಲ, ಸೊಪ್ಪಿಗೆ ಅಷ್ಟು ಅವಸರ ಇಲ್ಲ. ಇನ್ನು ಕೆಲವರು 'ಜಗುವಾ' ಅನ್ನುತ್ತಾರೆ. ಅದು ದಕ್ಷಿಣ ಅಮೆರಿಕದ ಒಂದು ಹಣ್ಣಿನ ರಸ, ನಿಜಕ್ಕೂ ನೀಲಿಗಪ್ಪು ಬಣ್ಣ ಬಿಡುತ್ತೆ, ಆದರೆ ಪೂರ್ತಿ ಬಣ್ಣ ಏರಲು ಒಂದು ದಿನವಾದರೂ ಬೇಕು. ಅದಕ್ಕೂ ಕೆಲವರಿಗೆ ಅಲರ್ಜಿ ಆಗಿರುವುದು ಉಂಟು. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದರೆ ಅವರಿಗೆ ಅಸಲಿ ಮೆಹಂದಿಯೂ ಬೇಡ, ರಕ್ತಕಣ ಒಡೆಯಬಹುದು. ಪುಟ್ಟ ಮಕ್ಕಳಿಗಂತೂ ಇದು ಅಪಾಯ.

ಮಕ್ಕಳು ಹಠ ಮಾಡಿದರೆ ನೀರಿನಲ್ಲಿ ಅಂಟಿಸುವ ಸ್ಟಿಕ್ಕರ್ ಕೊಡಿಸಿ. ಏನೇನು ಹಾಕಿದ್ದಾರೆ ಅಂತ ಹಿಂದೆ ಬರೆದಿರುವುದನ್ನೇ ತಗೊಳ್ಳಿ. ಮೊದಲು ಒಂದು ಚಿಕ್ಕದನ್ನು ತೋಳಿನ ಒಳಬದಿಗೆ ಅಂಟಿಸಿ ಒಂದೆರಡು ದಿನ ನೋಡಿ. ಎಣ್ಣೆ, ಕ್ರೀಮು ಇದ್ದರೆ ಕೂರಲ್ಲ, ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ಪ್ಲಾಸ್ಟಿಕ್ ಹಾಳೆ ತೆಗೆದು ಚಿತ್ರ ಕೆಳಗೆ ಮಾಡಿ ಇಟ್ಟು, ಒದ್ದೆ ಬಟ್ಟೆಯಿಂದ ಅರ್ಧ ನಿಮಿಷ ಒತ್ತಿ ಹಿಡಿದರೆ ಕಾಗದ ತಾನೇ ಜಾರುತ್ತೆ, ಎಳೆಯಬೇಡಿ. ಮಡಚುವ ಜಾಗದಲ್ಲಿ, ಅಂದರೆ ಮಣಿಕಟ್ಟು, ಮೊಣಕೈ ಒಳಗೆಲ್ಲ ಹಾಕಿದರೆ ಸಂಜೆಯೊಳಗೆ ಬಿರಿಯುತ್ತೆ. ಕಣ್ಣಿನ ಸುತ್ತ, ಗಾಯದ ಮೇಲೆ ಬೇಡ. ತೆಗೆಯಲು ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ.

ಈಗಾಗಲೇ ಕಪ್ಪು ಹಾಕಿಸಿಕೊಂಡು ಬಂದಿದ್ದರೆ ತಕ್ಷಣ ಸೋಪಿನಲ್ಲಿ ತೊಳೆಯಿರಿ. ಬಣ್ಣ ಹೋಗಲ್ಲ, ಮೇಲೆ ಉಳಿದದ್ದಾದರೂ ಹೋಗುತ್ತೆ. ತುರಿಕೆ ಶುರುವಾದರೆ ಅರಿಶಿನ, ಟೂತ್‌ಪೇಸ್ಟು ಅಂತ ಪ್ರಯೋಗ ಮಾಡಬೇಡಿ, ಗುಳ್ಳೆ ಒಡೆಯಬೇಡಿ, ಚರ್ಮದ ಡಾಕ್ಟರಿಗೇ ತೋರಿಸಿ. ಮುಖ ಊದಿಕೊಂಡರೆ, ಉಸಿರಾಡಲು ಕಷ್ಟ ಆದರೆ ಎಮರ್ಜೆನ್ಸಿಗೇ ಹೋಗಿ. ಅಲರ್ಜಿ ಅಂತ ಖಚಿತವಾದರೆ ಡಾಕ್ಟರ ಹತ್ತಿರ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಅಕ್ಕನ ಮಗಳು ಆ ಚೀಟಿಯ ಫೋಟೋ ಫೋನಿನಲ್ಲೇ ಇಟ್ಟುಕೊಂಡಿದ್ದಾಳೆ, ಪಾರ್ಲರಿಗೆ ಹೋದರೂ, ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸುತ್ತಾಳೆ.