ನಾನು ಹೇಳಿದ್ದನ್ನೇ ನನಗೆ ಮಾರಿದರು

ಕಡಲಾಚೆ ಕೂಲಿಗೆ ಹೋದ ಹಿರಿಯರನ್ನು ಹುಡುಕಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವ ಮುನ್ನ ಇದನ್ನೊಮ್ಮೆ ಓದಿ. ನಾನು ನಲವತ್ತಾರು ಸಾವಿರ ರೂಪಾಯಿ ಕಳೆದುಕೊಂಡೆ. ಅದು ಹೋಗಲಿ, ನನಗೆ ಏನೂ ಆಗಬೇಕಾಗದ ಒಬ್ಬ ವೃದ್ಧರಿಗೆ ಆಸೆ ಹುಟ್ಟಿಸಿ ಕಣ್ಣೀರು ಹಾಕಿಸಿದೆ.

ನಮ್ಮದು ಕೋಲಾರದ ಕಡೆಯ ಮನೆತನ. ತಾತನ ಅಣ್ಣ ಮುನಿಯಪ್ಪ ಎಂಟೊಂಬತ್ತು ವರ್ಷದವನಿದ್ದಾಗ ವಿಧವೆ ಚಿಕ್ಕಮ್ಮನ ಸೆರಗು ಹಿಡಿದು ಮದರಾಸಿಗೆ ಹೋದ. ಅಲ್ಲಿಂದ ಇಬ್ಬರೂ ಹಡಗು ಹತ್ತಿ, ಈಗಿನ ದಕ್ಷಿಣ ಆಫ್ರಿಕಾದಲ್ಲಿರುವ ನೇಟಾಲ್ ಸೇರಿದರಂತೆ. ಒಂದೇ ಒಂದು ಕಾಗದ ಬಂದಿತ್ತಂತೆ, ಅದೂ ಮಳೆಗೆ ಮನೆ ಸೋರಿದಾಗ ಹಾಳಾಯಿತಂತೆ. 'ಪ್ಲೇಗಿನ ವರ್ಷ ಹೋದ' ಎಂಬುದಷ್ಟೇ ಉಳಿದ ಲೆಕ್ಕ. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಹಾಗಾಗಿ ಅದೇ ವರ್ಷವಿರಬೇಕೆಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ನನಗೆ ಸಿಕ್ಕಿದ ಮನುಷ್ಯ ಬಹಳ ಮೃದು ಮಾತಿನವನು. 'ನಿಮಗೆ ಗೊತ್ತಿರುವುದನ್ನೆಲ್ಲ ಬರೆದು ಕಳಿಸಿ ಸಾರ್, ಸಣ್ಣದೆಂದು ಏನನ್ನೂ ಬಿಡಬೇಡಿ' ಎಂದ. ಮನೆಯವರೇ ಕೇಳಿಸಿಕೊಳ್ಳದ ಕಥೆಯನ್ನು ಒಬ್ಬ ಕೇಳುತ್ತಿದ್ದಾನೆ ಎಂಬ ಹುರುಪಿನಲ್ಲಿ ನಾಲ್ಕು ಪುಟ ಬರೆದೆ. ಅಪ್ಪ, ಅಮ್ಮ, ಊರು, ಕುಲ, ಮನೆದೇವರು, ಹುಡುಗನ ಎಡ ಹುಬ್ಬಿನ ಮೇಲಿದ್ದ ಗಾಯದ ಗುರುತು, ಎಲ್ಲವನ್ನೂ.

ಆರು ವಾರದ ಮೇಲೆ ದಾಖಲೆ ಬಂತು. ಹಳದಿಗಟ್ಟಿದ ಹಾಳೆಯ ಚಿತ್ರ, ಓರೆ ಬರವಣಿಗೆ, ಅಂಚಿನಲ್ಲಿ ಮಸಿ ಹರಡಿದ ಮೊಹರು. ನೇಟಾಲಿನ ಹಡಗು ಪಟ್ಟಿಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಗುರುತು ಇರುತ್ತವೆ. ಇದರಲ್ಲೂ ಎಲ್ಲವೂ ಇದ್ದವು. 'ಎಡ ಹುಬ್ಬಿನ ಮೇಲೆ ಗಾಯ' ಎಂಬ ಸಾಲು ಓದಿದಾಗ ನನ್ನ ಕೈ ನಡುಗಿತು. ಉಳಿದ ಹಣವನ್ನು ಅಂದೇ ಕಳಿಸಿದೆ. 'ಇನ್ನೂ ಒಂದಿದೆ' ಎಂದು 1900ರ ತೆರಿಗೆ ರಸೀದಿಯೊಂದನ್ನು ಬೇರೆ ಮಾರಿದ. ಮುನಿಯಪ್ಪ ಮೂರು ಪೌಂಡ್ ಕಟ್ಟಿದ್ದಕ್ಕೆ.

ಆಮೇಲೆ ನೇಟಾಲಿನ ಡರ್ಬನ್ ನಗರದ ಒಂದು ಕುಟುಂಬದ ನಂಬರ್ ಕೊಟ್ಟ. ವೀಡಿಯೊ ಕರೆಯಲ್ಲಿ ಎಂಬತ್ತು ದಾಟಿದ ಒಬ್ಬರು ಕಾಣಿಸಿಕೊಂಡರು. ಕನ್ನಡ ಬಾರದು, ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಅವರು ತಮ್ಮ ತಂದೆಯ ಚಿತ್ರವನ್ನು ಕ್ಯಾಮೆರಾಕ್ಕೆ ಹಿಡಿದು ಸುಮ್ಮನೆ ಅತ್ತರು. ನಾನೂ ಅತ್ತೆ. ನಮ್ಮ ಹೊಲದ ಮಣ್ಣನ್ನು ಪೊಟ್ಟಣ ಕಟ್ಟಿ ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಬಣ್ಣ ಬಯಲಾದದ್ದು ನನ್ನ ಸೋದರತ್ತೆಯಿಂದ. ಅವರಿಗೀಗ ಎಂಬತ್ತೆಂಟು. ಕಾಗದವನ್ನು ಓದಿ ಹೇಳುತ್ತಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು. 'ಹುಬ್ಬಿನ ಗಾಯ ನಮ್ಮಪ್ಪನದು ಕಣೋ. ದೊಡ್ಡಪ್ಪನಿಗೆ ಇದ್ದದ್ದು ಬೇರೆ ಗುರುತು, ಅಜ್ಜಿ ಹೇಳುತ್ತಿದ್ದರು' ಎಂದರು. ನಾನು ಅಣ್ಣ ತಮ್ಮಂದಿರನ್ನು ಅದಲುಬದಲು ಮಾಡಿ ಬರೆದಿದ್ದೆ. ನನ್ನ ಮರೆವು 1898ರ ಮದರಾಸಿನ ಗುಮಾಸ್ತನಿಗೆ ತಲುಪಿದ್ದು ಹೇಗೆ?

ಅಷ್ಟು ಕಣ್ಣು ತೆರೆದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಉದುರಿತು. ಆ ಮೂರು ಪೌಂಡಿನ ತೆರಿಗೆಯ ಕಾನೂನು ಬಂದದ್ದು 1895ರಲ್ಲಿ. ಕರಾರು ಮುಗಿಸಿಯೂ ಅಲ್ಲೇ ಉಳಿದ ಕೂಲಿಯವರ ಮೇಲೆ ಹೇರಿದ್ದು ಅದು. ಮಕ್ಕಳಿಗೆ ವಿಸ್ತರಿಸಿದ್ದು 1903ರಲ್ಲಿ, ಅದೂ ಹದಿನಾರು ತುಂಬಿದ ಹುಡುಗರಿಗೆ, ಹದಿಮೂರು ತುಂಬಿದ ಹುಡುಗಿಯರಿಗೆ. ಹತ್ತು ವರ್ಷದ ಹುಡುಗ 1900ರಲ್ಲಿ ಕಟ್ಟುವ ಪ್ರಶ್ನೆಯೇ ಇಲ್ಲ. ಹಳ್ಳಿಯ ಹೆಸರಿನ ಇಂಗ್ಲಿಷ್ ಕಾಗುಣಿತವೂ ನಾನು ಮೊಬೈಲಿನಲ್ಲಿ ಒತ್ತಿದ ಹಾಗೆಯೇ ಇತ್ತು. ಆ ಕಾಲದ ಗುಮಾಸ್ತರು ಕಿವಿಗೆ ಬಿದ್ದಂತೆ ಗೀಚಿದವರು. ಅಷ್ಟು ಸರಿಯಾಗಿದ್ದದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ನಿಜವಾದ ಪಟ್ಟಿಗಳನ್ನು ಡರ್ಬನ್ನಿನ ವಿಶ್ವವಿದ್ಯಾಲಯದ ದಾಖಲೆ ಕೇಂದ್ರದವರು ಬೆರಳಚ್ಚು ಮಾಡಿಸಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಕಾಸಿಲ್ಲದೆ ನೋಡಬಹುದು ಎಂಬುದು ನನಗೆ ಗೊತ್ತಾದದ್ದು ಇಷ್ಟೆಲ್ಲ ಆದ ಮೇಲೆ. 1860ರಿಂದ 1911ರವರೆಗೆ ಹೋದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವಿದು, ಹೆಚ್ಚಿನವರು ಮದರಾಸಿನಿಂದ ಹೊರಟವರು. ನನಗೆ ಕೊಟ್ಟಿದ್ದ ಸಂಖ್ಯೆಯನ್ನು ಅಲ್ಲಿ ಹುಡುಕಿದೆ. ಮುನಿಯಪ್ಪನ ಬದಲು ಬೇರೊಂದು ಹಡಗಿನಲ್ಲಿ ಹೋದ ಇಪ್ಪತ್ತೆರಡರ ಹೆಂಗಸೊಬ್ಬಳು ಸಿಕ್ಕಿದಳು. ಯಾರಾದರೂ ಸಂಖ್ಯೆ ಕೊಟ್ಟರೆ ಮೊದಲು ಇದೊಂದು ಕೆಲಸ ಮಾಡಿ, ಹತ್ತು ನಿಮಿಷ ಸಾಕು.

ಡರ್ಬನ್ನಿನ ಹಿರಿಯರಿಗೆ ಹೇಳಲು ನನಗೆ ಹನ್ನೊಂದು ದಿನ ಬೇಕಾಯಿತು. ಅವರ ಮೊಮ್ಮಗಳು ಮಾತಾಡಿದಳು. ಅವರ ಹಿರಿಯರು ಉತ್ತರ ಆರ್ಕಾಟಿನವರು, ಮನೆಯಲ್ಲಿ ಅದಕ್ಕೆ ಕಾಗದವಿದೆ, ಆದರೂ ಒಬ್ಬರಾದರೂ ಸಿಕ್ಕರಲ್ಲ ಎಂದು ಅಜ್ಜ ನಂಬಿಬಿಟ್ಟಿದ್ದರು. ಅದೇ ಮನುಷ್ಯ ಅವರಿಂದಲೂ ಹಣ ಕಿತ್ತಿದ್ದ. ಸೈಬರ್ ವಂಚನೆಗೆಂದಿರುವ 1930 ಸಹಾಯವಾಣಿಗೆ ನಾನು ಕರೆ ಮಾಡುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು; ಗೊತ್ತಾದ ತಕ್ಷಣ ಮಾಡಬೇಕಾದ ಕರೆ ಅದು.

ಹುಡುಕುವವರೆಲ್ಲ ಕಳ್ಳರಲ್ಲ. ಆದರೆ ಯಾರ ಕೈಗೇ ಕೊಡಿ, ಮನೆಯ ಕಥೆಯಲ್ಲಿ ಒಂದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅವರು ತಂದ ಕಾಗದವೇ ಅದನ್ನು ಹೇಳಲಿ.

ಈಗ ನಾನೇ ಪಟ್ಟಿ ನೋಡುತ್ತಿದ್ದೇನೆ. ಪ್ಲೇಗು ಒಂದೇ ವರ್ಷ ಬಂದು ಹೋಗಲಿಲ್ಲವಲ್ಲ, ಹಾಗಾಗಿ ಮುಂದಿನ ವರ್ಷಗಳನ್ನೂ ಜಾಲಾಡುತ್ತಿದ್ದೇನೆ. ಮುನಿಯಪ್ಪ ಆಗಬಹುದಾದ ಹುಡುಗರು ಈವರೆಗೆ ಏಳು ಮಂದಿ ಸಿಕ್ಕಿದ್ದಾರೆ. ದೊಡ್ಡಪ್ಪನ ಮೈಮೇಲಿದ್ದ ಗುರುತು ಯಾವುದೆಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.