ಆಂಪ್ಲಿಫೈಯರ್‌ಗೆ ಬೇರೆ ಲೈನ್: ಟಿಳಕವಾಡಿಯ ಒಂದು ವೈರಿಂಗ್ ಕೆಲಸಕ್ಕೆ ಐದಕ್ಕೆ ಮೂರೂವರೆ

ಬೆಳಗಾವಿಯ ಹಳೆಯ ಮನೆ. ಆಂಪ್ಲಿಫೈಯರ್‌ನ ಗುಂಯ್ ಸದ್ದು ಹೋಗಲೆಂದು ಅದಕ್ಕೇ ಬೇರೆ ಲೈನ್ ಎಳೆಸಿದ್ದು; ಆ ಕೆಲಸದ ವಿಮರ್ಶೆ ಇದು. ಡಿಬಿಯಿಂದ (ಮನೆಯ ಲೈನ್‌ಗಳು ಕವಲಾಗುವ ಪೆಟ್ಟಿಗೆ) ಹಾಲ್‌ಗೆ 15 ಮೀಟರ್. 4 ಚದರ ಮಿ.ಮೀ. ತಾಮ್ರದ ಎಫ್‌ಆರ್ (ಬೆಂಕಿ ಬೇಗ ಹರಡದ) ವೈರು, ನಡುವೆ ಒಂದೂ ಜಾಯಿಂಟ್ ಇಲ್ಲ. ಕೊನೆಗೆ 16 ಆಂಪಿಯರ್ ಸಾಕೆಟ್ ಎರಡು. 10 ಆಂಪಿಯರ್ ಎಳೆದರೂ ಈ ವೈರಿನಲ್ಲಿ ಇಳಿಯುವುದು ಸುಮಾರು 1.4 ವೋಲ್ಟ್ ಮಾತ್ರ. ಇಷ್ಟು ಸಾಕು, ಹೆಚ್ಚು ದಪ್ಪದ ವೈರಿಗೆ ದುಡ್ಡು ಸುರಿಯಬೇಡಿ.

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 16 ಆಂಪಿಯರ್, ಸಿ-ಕರ್ವ್, ಅಂದರೆ ಕ್ಷಣದ ಏರಿಕೆಯನ್ನು ಬಿ-ಕರ್ವ್‌ಗಿಂತ ಹೆಚ್ಚು ತಾಳುವ ಬಗೆ. ಇದು ಸರಿಯಾದ ಆಯ್ಕೆ. ಆಂಪ್ಲಿಫೈಯರ್ ಒಳಗಿನ ದೊಡ್ಡ ಟೊರಾಯ್ಡಲ್ (ಉಂಗುರಾಕಾರದ) ಟ್ರಾನ್ಸ್‌ಫಾರ್ಮರ್ ಸ್ವಿಚ್ ಹಾಕಿದ ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಬಿ-ಕರ್ವ್ ಆದರೆ ಸುಮ್ಮಸುಮ್ಮನೆ ಟ್ರಿಪ್.

ಎಡವಟ್ಟು ನ್ಯೂಟ್ರಲ್‌ನಲ್ಲಿ. ಫೇಸ್ ಮಾತ್ರ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಸಮವಿಲ್ಲದಿದ್ದರೆ ಬೀಳುವ ಸ್ವಿಚ್) ದಾಟಿ ಬಂತು, ನ್ಯೂಟ್ರಲ್ ಅದಕ್ಕೂ ಮುಂಚಿನ ಬಾರ್‌ಗೆ (ವೈರುಗಳು ಸೇರುವ ಪಟ್ಟಿ) ಸೇರಿತ್ತು. ವಾಪಸ್ ಕರೆಂಟ್ ಆರ್‌ಸಿಸಿಬಿಗೆ ಕಾಣದೆ, ಲೋಡ್ ಬಿದ್ದೊಡನೆ ಮನೆಯೆಲ್ಲ ಕತ್ತಲೆ. ಹತ್ತು ನಿಮಿಷದ ರಿಪೇರಿಯೇನೋ ಹೌದು, ಆದರೆ ಕೆಲಸ ಒಪ್ಪಿಸುವ ಮುನ್ನ ಎಲೆಕ್ಟ್ರಿಷಿಯನ್ ಲೋಡ್ ಹಾಕಿ ನೋಡಿರಲಿಲ್ಲ.

ಆಡಿಯೋಗೆಂದೇ ಬೇರೆ ಅರ್ಥ್ ರಾಡ್ ಹೊಡೆಯೋಣ ಎಂಬ ಸಲಹೆಯನ್ನಂತೂ ಒಪ್ಪಬಾರದು. ಮನೆಯ ಅರ್ಥ್‌ಗೆ ಜೋಡಿಸದ ರಾಡ್ ಅಪಾಯ: ಫೇಸ್ ಉಪಕರಣದ ಬಾಡಿಗೆ ಶಾರ್ಟ್ ಆದಾಗ ಎಂಸಿಬಿ ಬೀಳುವಷ್ಟು ಕರೆಂಟ್ ಹರಿಯದೇ ಇರಬಹುದು. ಇಲ್ಲಿಯ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಇನ್ನೂ ಕಷ್ಟ. ಇರುವ ಅರ್ಥ್ ಗುಂಡಿಗೇ ಆಗಾಗ ನೀರು ಹಾಕಿ.

ಗುಂಯ್ ಸದ್ದು ಪೂರ್ತಿ ಹೋಗಲಿಲ್ಲ. ಕೇಬಲ್ ಟಿವಿಯ ವೈರು ಕಿತ್ತರೆ ನಿಂತಿತು, ಅಂದರೆ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಸೇರಿ ಹುಟ್ಟುವ ಸದ್ದು). ಅದಕ್ಕೆ ಬೇಕಾದ್ದು ಕೇಬಲ್ ಟಿವಿ ವೈರಿನ ದಾರಿಯಲ್ಲಿ ಆ ಅರ್ಥ್ ಕೊಂಡಿ ತಪ್ಪಿಸುವ ಐಸೋಲೇಟರ್, ಹೊಸ ಲೈನಲ್ಲ.