ನಮ್ಮ ಬೀದಿ ಗಣೇಶನಿಗೆ ಕರೆಸಿದ ರಸಮಂಜರಿ ತಂಡ ಹೇಗಿತ್ತು?

ಬೆಂಗಳೂರು ಶ್ರೀನಗರದ ನಮ್ಮ ಬೀದಿಯಲ್ಲಿ ಈ ಸಲ ಗಣೇಶನನ್ನು ಕೂರಿಸಿದಾಗ ರಸಮಂಜರಿ ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೋದ ವರ್ಷ ಬಂದಿದ್ದ ತಂಡದ ಹಾಡುಗಳನ್ನು ಗಣಪತಿ ಮುಂದೆ ಕೇಳಲಾಗದೆ ನಾವು ಹೆಂಗಸರು ಅರ್ಧಕ್ಕೇ ಎದ್ದು ಮನೆಗೆ ಹೋಗಿದ್ದೆವು. ಅದಕ್ಕೇ ಈ ಸಲದ ತಂಡಕ್ಕೆ ಒಂದು ಷರತ್ತು ಹಾಕಿದೆ. ಸಿನಿಮಾ ಹಾಡೇ ಹಾಡಿ, ಬೇಡ ಅನ್ನುವುದಿಲ್ಲ. ಆದರೆ ದೇವರ ಹತ್ತಿರವೇ ನೇರವಾಗಿ ಮಾತಾಡುವ ಹಾಡುಗಳು ಜಾಸ್ತಿ ಇರಲಿ.

ಆರು ಜನ ಬಂದರು. ಕೀಬೋರ್ಡ್, ರಿದಂ ಪ್ಯಾಡ್, ತಬಲ, ಕೊಳಲು, ಹಾಡುವವರು ಇಬ್ಬರು. ಮೂರು ಗಂಟೆಗೆ 30,000 ರೂಪಾಯಿ. ಮೈಕು, ಸ್ಪೀಕರ್ ಬಾಡಿಗೆ ಬೇರೆ. 7 ಗಂಟೆ ಅಂದವರು 7.15ಕ್ಕೆ ಶುರು ಮಾಡಿದರು. ‘ಗಜಮುಖನೆ ಗಣಪತಿಯೆ’ ಹಾಡಿ ಮಂಗಳಾರತಿ ಮುಗಿಸಿದರು. ಅಲ್ಲಿಯವರೆಗೆ ಎಲ್ಲ ತಂಡಗಳ ಹಾಗೇ ಇತ್ತು.

ಆಮೇಲೆ ‘ಶಿವಪ್ಪ ಕಾಯೋ ತಂದೆ’ ಎತ್ತಿಕೊಂಡರು. 1954ರ ‘ಬೇಡರ ಕಣ್ಣಪ್ಪ’ದ ಹಾಡು. ರಾಜಕುಮಾರ್ ನಾಯಕರಾದ ಮೊದಲ ಚಿತ್ರ, ದನಿ ಸಿ.ಎಸ್. ಜಯರಾಮನ್ ಅವರದು. ಹಸಿದವನೊಬ್ಬ ಶಿವನ ಹತ್ತಿರ ಮೋಕ್ಷ ಕೇಳುವುದಿಲ್ಲ, ಹಸಿವು ತಾಳಲಾರೆ ಕಾಪಾಡು ಅನ್ನುತ್ತಾನೆ. ಗಾಯಕರು ಪ್ಯಾಡ್ ಹುಡುಗನಿಗೆ ಕೈಸನ್ನೆ ಮಾಡಿ ನಿಲ್ಲಿಸಿದರು. ಬರೀ ತಬಲ ಇಟ್ಟುಕೊಂಡು ಹಾಡಿದರು. ಪ್ಲಾಸ್ಟಿಕ್ ಕುರ್ಚಿ ಎಳೆಯುವ ಸದ್ದೂ ನಿಂತುಹೋಯಿತು. ನಾವು ಮನೆ ಓನರಿಗೆ ‘ನೀವು’ ಅನ್ನುತ್ತೇವೆ, ಮಾವನವರಿಗೆ ‘ನೀವು’ ಅನ್ನುತ್ತೇವೆ. ಮೂರು ಲೋಕದ ಒಡೆಯನಿಗೆ ಮಾತ್ರ ‘ಕಾಯೋ’. ಆ ‘ಯೋ’ದಲ್ಲಿ ಎಷ್ಟು ಸಲಿಗೆ ಇದೆ, ಅಲ್ವಾ? ಅದನ್ನು ಜೋರಾಗಿ ಕಿರುಚಿದರೆ ಸಲಿಗೆ ಹೋಗಿಬಿಡುತ್ತದೆ. ಇವರು ಪಕ್ಕದಲ್ಲೇ ಕೂತವನನ್ನು ಕೇಳಿದ ಹಾಗೆ ಕೇಳಿದರು.

ಇಷ್ಟು ಚೆನ್ನಾಗಿ ಹಾಡಿದವರು ಮುಂದಿನ ಹಾಡಿನಲ್ಲೇ ತಪ್ಪಿದರು. ‘ಬಾಗಿಲನು ತೆರೆದು ಸೇವೆಯನು ಕೊಡೊ ಹರಿಯೇ’. ಕನಕದಾಸರ ಪದ. 1960ರ ‘ಭಕ್ತ ಕನಕದಾಸ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿ ಮನೆಮನೆಗೂ ಮುಟ್ಟಿಸಿದ್ದು. ಅದಕ್ಕೆ ಪ್ಯಾಡಿನಲ್ಲಿ ಕುಣಿಯುವ ಬೀಟು ಹಾಕಿದರು. ಕೀಬೋರ್ಡ್ ಎಷ್ಟು ಜೋರಿತ್ತೆಂದರೆ ‘ಕೂಗಿದರೂ ದನಿ ಕೇಳಲಿಲ್ಲವೇ’ ಅನ್ನುವ ಸಾಲೇ ಮುಚ್ಚಿಹೋಯಿತು. ಇಡೀ ಪದದ ಜೀವ ಇರುವುದೇ ಆ ಸಾಲಿನಲ್ಲಿ. ಬಾಗಿಲ ಹೊರಗೆ ನಿಂತವನ ದೂರು ಅದು.

ನನಗೆ ಈ ಹಾಡೆಂದರೆ ನಮ್ಮಪ್ಪ. ಅವರು ಬಿನ್ನಿ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಬರುವ ಹೊತ್ತಿಗೆ ಮಧ್ಯರಾತ್ರಿ. ಬಾಗಿಲು ಬಡಿದರೆ ಮಕ್ಕಳು ಏಳುತ್ತಾರೆ ಎಂದು ಕಿಟಕಿ ಹತ್ತಿರ ನಿಂತು ಸಣ್ಣ ದನಿಯಲ್ಲಿ ಈ ಪದ ಹಾಡುತ್ತಿದ್ದರು. ಅಮ್ಮ ಚಿಲಕ ತೆಗೆಯುತ್ತಿದ್ದಳು. ನಾನು ಎಚ್ಚರವಾಗಿಯೇ ಇರುತ್ತಿದ್ದೆ. ಕಣ್ಣು ಮುಚ್ಚಿಕೊಂಡು ತಟ್ಟೆಯ ಸದ್ದು ಕೇಳುತ್ತಿದ್ದೆ.

ಸುಮ್ನೆ ಕೂರಲು ಆಗಲಿಲ್ಲ. ಚೀಟಿ ಬರೆದು ಕಳಿಸಿದೆ: ‘ಕನಕದಾಸರ ಪದ ಇನ್ನೊಂದು ಸಲ ಹಾಡಿ. ಪ್ಯಾಡ್ ಬೇಡ.’ ಗಾಯಕರು ಓದಿ ಜೇಬಿನಲ್ಲಿ ಇಟ್ಟುಕೊಂಡರು.

ಗಾಯಕಿ ‘ಪೂಜಿಸಲೆಂದೇ ಹೂಗಳ ತಂದೆ’ ಹಾಡಿದರು. 1974ರ ‘ಎರಡು ಕನಸು’, ರಾಜನ್-ನಾಗೇಂದ್ರ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, ಎಸ್. ಜಾನಕಿ ದನಿ. ಇಲ್ಲೂ ಬಾಗಿಲು ತೆರೆಯೋ ಅಂತಲೇ ರಾಮನನ್ನು ಕೇಳುವುದು. ಚಿತ್ರದಲ್ಲಿ ಗಂಡನ ಹೆಸರೂ ರಾಮಚಂದ್ರ. ಅವನ ಮನಸ್ಸಿನ ಬಾಗಿಲು ಹೆಂಡತಿಗೆ ತೆರೆದಿರುವುದಿಲ್ಲ. ಹೆಂಡತಿಯ ಪಾತ್ರ ಮಾಡಿದ ಕಲ್ಪನಾ ಮುಖ ನೆನಪಿರುವವರಿಗೆ ಅವಳು ಯಾವ ರಾಮನನ್ನು ಕೇಳುತ್ತಿದ್ದಾಳೆ ಎಂದು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗಿಯ ದನಿ ತುಂಬಾ ಇಂಪು. ಆದರೆ ಮೊಬೈಲ್ ನೋಡಿಕೊಂಡು ಹಾಡಿದಳು, ಒಂದು ಚರಣ ಬಿಟ್ಟೇಬಿಟ್ಟಳು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಬಿಟ್ಟ ಚರಣವನ್ನು ತಾವೇ ಗುನುಗಿಕೊಂಡರು.

ಹುಡುಗರ ಚೀಟಿಗೆ ‘ಕಾಂತಾರ’ದ ‘ವರಾಹ ರೂಪಂ’ ಆಯಿತು. ಒಳ್ಳೆಯ ಹಾಡೇ. ಆದರೆ ಫೋನಿನ ಟ್ರ್ಯಾಕ್ ಹಾಕಿಕೊಂಡು ಹಾಡಿದ್ದರಿಂದ ಆ ಅಬ್ಬರ ಬರಲಿಲ್ಲ.

9.50ಕ್ಕೆ ಗಾಯಕರು ನನ್ನ ಚೀಟಿ ತೆಗೆದರು. 10ಕ್ಕೆ ಮೈಕ್ ಆಫ್ ಮಾಡಲೇಬೇಕು. ಕೊಳಲು ಒಂದನ್ನೇ ಇಟ್ಟುಕೊಂಡು ಕನಕದಾಸರ ಪದ ಮತ್ತೆ ಶುರು ಮಾಡಿದರು. ನಮ್ಮ ಸ್ಟೇಜು ಪೆಂಡಾಲಿಗೆ ಎದುರಾಗಿ ಇತ್ತು, ಹಾಡುವವರ ಮುಖ ಗಣಪತಿ ಕಡೆಗೇ. ಈ ಸಲ ‘ಕೂಗಿದರೂ ದನಿ ಕೇಳಲಿಲ್ಲವೇ’ ಪೂರ್ತಿ ಕೇಳಿಸಿತು. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಹಣಕ್ಕೆ ಮೋಸ ಇಲ್ಲ. ಕೇಳುವವರ ಮಾತಿಗೆ ಬೆಲೆ ಕೊಡುವ ತಂಡ ಸಿಗುವುದು ಕಷ್ಟ. ನೀವು ಕರೆಸುವುದಾದರೆ ಹಳೆಯ ಹಾಡಿಗೆ ಪ್ಯಾಡ್ ಬೇಡ, ಕೀಬೋರ್ಡ್ ಸಣ್ಣಗಿರಲಿ ಎಂದು ಮೊದಲೇ ಹೇಳಿಬಿಡಿ. ಆರೂ ಜನಕ್ಕೆ ಊಟ ನಾವೇ ಹಾಕಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ರಾಜ್ಯೋತ್ಸವಕ್ಕೂ ಇವರಿಗೇ ಹೇಳಿದ್ದೇವೆ, 5,000 ಅಡ್ವಾನ್ಸ್ ಕೊಟ್ಟಾಗಿದೆ. ಗಾಯಕಿಯ ಕೈಗೆ ‘ಪೂಜಿಸಲೆಂದೇ’ ಹಾಡನ್ನು ಪೂರ್ತಿ ಬರೆದುಕೊಟ್ಟಿದ್ದೇನೆ, ಎಲ್ಲ ಚರಣಗಳನ್ನೂ ಸೇರಿಸಿ.